ಅದೇ ಸೆನ್ಸರ್, ಅದೇ ಜಾಗ, ಮೂರನೇ ಸಲ

ಮಾನ್ಯ ಸಂಪಾದಕರೇ,

ಬಿಎಸ್-6 ಹೊಗೆ ನಿಯಮದ ಲಾರಿಗಳ ಸೈಲೆನ್ಸರ್‌ಗೆ ತಿರುಪಿ ಕೂರಿಸಿರುವ, ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್ ಪದೇ ಪದೇ ಕೆಡುತ್ತಿದೆ. ಹೊಸದು ಹಾಕಿದ ಮೇಲೂ ಕೆಡುತ್ತಿದೆ. ಒಂದು ಸೆನ್ಸರ್‌ನ ದುಡ್ಡಿಗೆ ಲಾರಿಗೆ ಒಂದು ಹೊಸ ಟೈರು ಬರುತ್ತದೆ. ಬಲ್ಬು ಬದಲಿಸಿದಷ್ಟು ಹಗುರದ ಮಾತಲ್ಲ ಇದು. ಒಂದೇ ಕಂಪನಿಯ ಒಂದೇ ಮಾದರಿಯ ಗಾಡಿ ಇಟ್ಟುಕೊಂಡಿರುವ ಮಾಲೀಕರು ಒಟ್ಟಾಗಿ ಹೋಗಿ ಕೇಳಿದರೂ ಶೋರೂಮಿನಿಂದ ಬರುವ ಉತ್ತರ ಒಂದೇ: ‘ನೀವು ಹಾಕುವ ಯೂರಿಯಾ ಸರಿಯಿಲ್ಲ’. ಇದು ಅರ್ಧ ನಿಜ. ಉಳಿದರ್ಧಕ್ಕೆ ಕಂಪನಿಯೇ ಉತ್ತರ ಕೊಡಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಜಾರಿಗೆ ಬಂತು. ಬಿಎಸ್-4 ಲಾರಿಯ ಎಂಜಿನ್ ಒಂದು ಕಿಲೋವ್ಯಾಟ್-ಗಂಟೆಯ ದುಡಿಮೆಗೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡ್ ಉಗುಳಬಹುದಿತ್ತು. ಬಿಎಸ್-6ರಲ್ಲಿ ಅದು ಅರ್ಧ ಗ್ರಾಮಿಗೂ ಕಡಿಮೆ. ಇಷ್ಟು ಇಳಿಸಲು ಬಿಸಿ ಹೊಗೆಗೆ ಡೆಫ್, ಅಂದರೆ ನಮ್ಮ ಡ್ರೈವರುಗಳ ಬಾಯಲ್ಲಿ ‘ಯೂರಿಯಾ ನೀರು’, ಸಿಂಪಡಿಸುತ್ತಾರೆ. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಆ ಅಮೋನಿಯಾ, ಕೆಟಲಿಸ್ಟ್ ಎಂಬ ಹೊಗೆ ಶುದ್ಧಿಯ ಭಾಗದೊಳಗೆ, ವಿಷದ ಹೊಗೆಯನ್ನು ಬರಿಯ ನೈಟ್ರೋಜನ್ ಮತ್ತು ನೀರಾವಿ ಮಾಡುತ್ತದೆ. ಈ ಕೆಲಸ ಸರಿಯಾಗಿ ನಡೆಯಿತೇ ಎಂದು ನೋಡಲು ಕೆಟಲಿಸ್ಟ್‌ಗೆ ಮುಂಚೆ ಒಂದು (ಮುಂದಿನದು), ಆಮೇಲೊಂದು (ಹಿಂದಿನದು) ಸೆನ್ಸರ್. ಎರಡರ ಲೆಕ್ಕ ತಾಳೆಯಾಗದಿದ್ದರೆ ಎಂಜಿನ್ನಿನ ಕಂಪ್ಯೂಟರ್ (ಇಸಿಎಂ) ಮೊದಲು ಮೀಟರ್ ಬೋರ್ಡಿನಲ್ಲಿ ದೀಪ ಹತ್ತಿಸುತ್ತದೆ, ಆಮೇಲೆ ಶಕ್ತಿ ಇಳಿಸಿ ಎಂಜಿನ್ನಿನ ಕತ್ತು ಹಿಡಿಯುತ್ತದೆ.

ಬಿಚ್ಚಿ ಕೈಯಲ್ಲಿ ಹಿಡಿದರೆ ಸೆನ್ಸರ್ ಒಂದು ದಪ್ಪ ಬೋಲ್ಟಿನ ಹಾಗಿದೆ. ತುದಿಯಲ್ಲಿ ತೂತಿನ ಟೋಪಿ, ಅದರೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯ ತೆಳು ಪಟ್ಟಿ. ಆ ಪಟ್ಟಿ ಕೆಲಸ ಮಾಡಬೇಕಾದರೆ ಒಳಗಿನ ಹೀಟರ್ ಅದನ್ನು ಸುಮಾರು 800 ಡಿಗ್ರಿಗೆ ಕಾಯಿಸಬೇಕು. ಬಾಲದಂತೆ ಒಂದು ಕೇಬಲ್, ಕೇಬಲ್ಲಿನ ಕೊನೆಗೆ ಅಂಗೈಯಗಲದ ಎಲೆಕ್ಟ್ರಾನಿಕ್ ಪೆಟ್ಟಿಗೆ. ಸೆನ್ಸರ್ ಮತ್ತು ಪೆಟ್ಟಿಗೆ ಜೋಡಿಯಾಗಿಯೇ ಅಳತೆಗೆ ಕೂತಿರುತ್ತವೆ. ತುದಿ ಹೋದರೂ, ವೈರು ಕಿತ್ತರೂ, ಪೆಟ್ಟಿಗೆ ಸತ್ತರೂ ಪೂರ್ತಿ ಸೆಟ್ಟೇ ಕೊಳ್ಳಬೇಕು.

ಕಾಯ್ದ ಪಿಂಗಾಣಿಗೆ ಶತ್ರು ನೀರು. ಕೆಂಪಗೆ ಕಾದ ಹೆಂಚಿನ ಮೇಲೆ ಹನಿ ಬಿದ್ದರೆ ಏನಾಗುತ್ತದೋ ಅದೇ ಇಲ್ಲೂ. ಬೆಳಗಿನ ಜಾವ ಗಾಡಿ ಸ್ಟಾರ್ಟ್ ಮಾಡಿದಾಗ ತಣ್ಣಗಿರುವ ಪೈಪಿನೊಳಗೆ ಹೊಗೆಯ ನೀರಾವಿ ಹನಿಗಟ್ಟುತ್ತದೆ. ಪೈಪು ಕಾದು ಆ ನೀರು ಆರಿಹೋಗುವ ತನಕ ಹೀಟರ್ ಪೂರ್ತಿ ಜೋರಿಗೆ ಹೋಗಬಾರದು. ಅದನ್ನು ನೋಡಿಕೊಳ್ಳಬೇಕಾದ್ದು ಸಾಫ್ಟ್‌ವೇರ್. ಇನ್ನೊಂದು, ಸೆನ್ಸರ್ ಕೂರಿಸುವ ಜಾಗ. ತುದಿ ಕೆಳಮುಖವಾಗಿ, ಪೈಪಿನ ಮೇಲ್ಭಾಗದಿಂದ ಇಳಿಯುವಂತೆ ಇದ್ದರೆ ನೀರು ನಿಲ್ಲುವುದಿಲ್ಲ. ನಾವು ಹೇಳುತ್ತಿರುವ ಮಾದರಿಯಲ್ಲಿ ಹಿಂದಿನ ಸೆನ್ಸರ್ ಪೈಪು ಬಾಗುವ ತಗ್ಗಿನಲ್ಲಿ ಹೆಚ್ಚುಕಡಿಮೆ ಅಡ್ಡ ಮಲಗಿದೆ. ಪೈಪಿನೊಳಗಿನ ನೀರೆಲ್ಲ ಇಳಿದು ಬರುವುದು ಅಲ್ಲಿಗೇ. ಈ ಜಾಗದಲ್ಲಿ ಎಷ್ಟು ಹೊಸ ಸೆನ್ಸರ್ ಕೂರಿಸಿದರೂ ಅದರ ಆಯುಸ್ಸು ಅಷ್ಟಕ್ಕಷ್ಟೇ. ಬಿಸಿ ಸೈಲೆನ್ಸರ್‌ಗೆ ವಾಟರ್ ಸರ್ವಿಸ್‌ನವರು ನೇರ ಪ್ರೆಶರ್ ನೀರು ಹೊಡೆಯುವುದೂ ತಪ್ಪೇ. ಅದು ನಮ್ಮವರ ತಪ್ಪು, ಒಪ್ಪುತ್ತೇವೆ.

ಪೆಟ್ಟಿಗೆಯ ಕಥೆ ಬೇರೆ. ಅದನ್ನು ಚಾಸಿಗೆ, ಸೈಲೆನ್ಸರ್‌ನ ಮಗ್ಗುಲಲ್ಲೇ, ಬಿಗಿದಿದ್ದಾರೆ. ಶಾಖ ತಡೆಯಲು ಅಡ್ಡ ತಗಡಿಲ್ಲ. ವೈರಿನ ಮೇಲಿನ ಕವಚ ಬೆಂದು ಕಪ್ಪಾಗಿ ಹಪ್ಪಳದಂತೆ ಮುರಿಯುತ್ತದೆ. ಸಂಡೂರು, ಹೊಸಪೇಟೆ ಕಡೆ ಅದಿರು ಹೊಡೆಯುವ ಟಿಪ್ಪರುಗಳಲ್ಲಿ ಕೆಂಪು ಧೂಳು ಮಳೆಗೆ ಕಲಸಿ ವೈರು ಸೇರಿಸುವ ಕಪ್ಲರ್ ಒಳಗೆ ಇಳಿದು ಪಿನ್ನುಗಳು ಹಸಿರುಗಟ್ಟುತ್ತವೆ. ಆಗ ಸೆನ್ಸರ್ ಚೆನ್ನಾಗಿದ್ದರೂ ಇಸಿಎಂಗೆ ಅದರ ಮಾತು ತಲುಪುವುದಿಲ್ಲ.

ಸ್ಕ್ಯಾನರ್‌ನಲ್ಲಿ ಬರುವ ಕೋಡು ಇದನ್ನು ಹೇಳುತ್ತದೆ, ಓದುವವರಿದ್ದರೆ. ಮುಂದಿನ ಸೆನ್ಸರ್‌ಗೆ ಎಸ್‌ಪಿಎನ್ (ದೋಷ ಯಾವ ಭಾಗದ್ದು ಎಂಬ ಸಂಖ್ಯೆ) 3216, ಹಿಂದಿನದಕ್ಕೆ 3226. ಅಷ್ಟು ಓದಿ ‘ಸೆನ್ಸರ್ ಹೋಗಿದೆ’ ಎಂದು ಬರೆದುಬಿಡುತ್ತಾರೆ. ಪಕ್ಕದ ಎಫ್‌ಎಂಐ (ದೋಷ ಯಾವ ಬಗೆಯದು) ಸಂಖ್ಯೆಯಲ್ಲಿದೆ ಅಸಲು ವಿಷಯ. ಅಲ್ಲಿ 9 ಬಂದರೆ ಸಂದೇಶವೇ ಬರುತ್ತಿಲ್ಲ ಎಂದರ್ಥ, ಅಂದರೆ ಮೊದಲು ಹುಡುಕಬೇಕಾದ್ದು ವೈರು, ಫ್ಯೂಸು, ಅರ್ಥಿಂಗ್. ಕಪ್ಲರ್ ಕಳಚಿ ಕೀ ಆನ್ ಮಾಡಿ 24 ವೋಲ್ಟ್ ಬರುತ್ತದೆಯೇ ನೋಡುವುದು, ಬ್ಯಾಟರಿ ತೆಗೆದು ಸಂದೇಶ ಒಯ್ಯುವ ಕ್ಯಾನ್ ಲೈನಿನ ಎರಡು ವೈರಿನ ನಡುವೆ ಮೀಟರ್ ಹಿಡಿದು 60 ಓಮ್ ಹತ್ತಿರ ಇದೆಯೇ ನೋಡುವುದು. ಹತ್ತು ನಿಮಿಷದ ಕೆಲಸ. 120 ತೋರಿಸಿದರೆ ಎಲ್ಲೋ ಲೈನು ತುಂಡಾಗಿದೆ ಅಥವಾ ಒಂದು ತುದಿಯ ರೆಸಿಸ್ಟರ್ ಹೋಗಿದೆ, ಸೊನ್ನೆಗೆ ಇಳಿದರೆ ಶಾರ್ಟ್. ಈ ಪರೀಕ್ಷೆ ಮಾಡಿದ್ದಾಗಿ ಬರೆದಿರುವ ಜಾಬ್ ಕಾರ್ಡು (ಶೋರೂಮಿನ ರಿಪೇರಿ ಚೀಟಿ) ಒಂದೂ ನಮ್ಮ ಕೈಗೆ ಬಂದಿಲ್ಲ.

ಎಸ್‌ಪಿಎನ್ 4364 ಬಂದರೆ ಕೆಟಲಿಸ್ಟ್‌ನ ಕೆಲಸ ಕಡಿಮೆಯಾಗಿದೆ ಎಂದರ್ಥ. ಇಲ್ಲೊಂದು ಮೋಸವಿದೆ, ಮೆಕ್ಯಾನಿಕ್ಕುಗಳೇ ಬೀಳುವ ಮೋಸ. ಹಿಂದಿನ ಸೆನ್ಸರ್‌ಗೆ ನೈಟ್ರೋಜನ್ ಆಕ್ಸೈಡ್‌ಗೂ ಅಮೋನಿಯಾಕ್ಕೂ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಡೆಫ್ ಹೆಚ್ಚಾಗಿ ಬಿದ್ದು ಅಮೋನಿಯಾ ಹೊರಗೆ ಬಂದರೂ ‘ನಾಕ್ಸ್ ಜಾಸ್ತಿ’ ಎಂದೇ ಹೇಳುತ್ತದೆ. ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಬದಲಿಸುತ್ತಾರೆ, ಹೊಸದೂ ಅದನ್ನೇ ಹೇಳುತ್ತದೆ. ಆಗ ಬಿಚ್ಚಿ ನೋಡಬೇಕಾದ್ದು ಡೆಫ್ ಇಂಜೆಕ್ಟರ್. ಅದನ್ನು ಅಳತೆ ಜಾಡಿಯೊಳಗೆ ಸಿಂಪಡಿಸಿ ಎಷ್ಟು ಮಿಲಿಲೀಟರ್ ಬಿತ್ತು, ಮಂಜಿನಂತೆ ಬಿತ್ತೋ ತೊಟ್ಟಿಕ್ಕಿತೋ ನೋಡಬೇಕು. ತೊಟ್ಟಿಕ್ಕುವ ಇಂಜೆಕ್ಟರ್‌ನ ಮೂತಿಯಲ್ಲಿ, ಪೈಪಿನ ಒಳಗೋಡೆಯಲ್ಲಿ, ಸುಣ್ಣದ ಗಾರೆಯಂಥ ಬಿಳಿ ಹರಳು ಕಟ್ಟಿರುತ್ತದೆ.

ಹರಳು ಕಟ್ಟಲು ಕಾರಣ ಹೊಗೆಯ ಬಿಸಿ ಸಾಲದಿರುವುದು. ಹೊಗೆ 200 ಡಿಗ್ರಿಗಿಂತ ತಣ್ಣಗಿದ್ದಾಗ ಡೆಫ್ ಬಿದ್ದರೆ ಯೂರಿಯಾ ಪೂರ್ತಿ ಒಡೆಯದೆ ಗೋಡೆಗೆ ಅಂಟುತ್ತದೆ. ಒಮ್ಮೆ ಗಟ್ಟಿಯಾದರೆ ಅದನ್ನು ಸುಡಲು ಇನ್ನೂ ಹೆಚ್ಚು ಬಿಸಿ ಬೇಕು. ಪಣಂಬೂರಿನ ಬಂದರಿನ ಹೊರಗೆ, ಗಣಿಯ ವೇಬ್ರಿಡ್ಜ್ ಎದುರು, ಎಪಿಎಂಸಿ ಗೇಟಿನಲ್ಲಿ ಎಂಜಿನ್ ಆಫ್ ಮಾಡದೆ ಇಂಚಿಂಚು ಸರಿಯುವ ಸಾಲು ಹೇಗಿರುತ್ತದೆ ಎಂಬುದು ಕಂಪನಿಗೆ ಗೊತ್ತಿಲ್ಲದ್ದೇನಲ್ಲ. ಇಂಥ ದೇಶಕ್ಕೆ ಗಾಡಿ ಮಾರುವವರು ಇಂಥ ಓಡಾಟಕ್ಕೆ ತಕ್ಕಂತೆ ಡೆಫ್ ಸಿಂಪಡಿಸುವ ಲೆಕ್ಕವನ್ನೂ ಬರೆಯಬೇಕು.

ಈಗ ಯೂರಿಯಾ ಮಾತಿಗೆ ಬರೋಣ. ಡೆಫ್‌ನಲ್ಲಿ ತೂಕಕ್ಕೆ ಶೇ 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಐಎಸ್‌ಒ 22241 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕ್ಯಾಲ್ಸಿಯಂ ಕಿಲೋಗೆ ಅರ್ಧ ಮಿಲಿಗ್ರಾಂ ಮೀರಬಾರದು. ಗೊಬ್ಬರದಂಗಡಿಯ ಯೂರಿಯಾ ಮೂಟೆ ಒಡೆದು ಬೋರ್‌ವೆಲ್ ನೀರಿಗೆ ಕಲಸಿ ಕ್ಯಾನಿಗೆ ತುಂಬುವವರು ಹೆದ್ದಾರಿ ಬದಿಯಲ್ಲಿದ್ದಾರೆ, ಅಗ್ಗವೆಂದು ಕೊಳ್ಳುವ ಮಾಲೀಕರೂ ಇದ್ದಾರೆ. ರೈತರ ಯೂರಿಯಾಕ್ಕೆ ಬೇವಿನೆಣ್ಣೆ ಲೇಪನವಿದೆ, ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣ ತುಂಬಿದೆ. ಎರಡೂ ಸೇರಿ ಇಂಜೆಕ್ಟರ್ ಕಟ್ಟಿಸುತ್ತವೆ, ಕೆಟಲಿಸ್ಟ್ ಕೊಲ್ಲುತ್ತವೆ. ಒಳ್ಳೆಯ ಡೆಫ್ ಕೂಡ ಬಿಸಿಲಲ್ಲಿಟ್ಟರೆ ಬಾಳುವುದಿಲ್ಲ. 25 ಡಿಗ್ರಿಯೊಳಗೆ ಒಂದೂವರೆ ವರ್ಷ ಉಳಿಯುವುದು 35 ಡಿಗ್ರಿಯಲ್ಲಿ ಆರೇ ತಿಂಗಳು. ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿಟ್ಟ ಕ್ಯಾನಿನ ಗತಿ ಊಹಿಸಿಕೊಳ್ಳಿ.

ಆದರೆ ‘ಯೂರಿಯಾ ಸರಿಯಿಲ್ಲ’ ಎಂದು ಬಾಯಿಮಾತಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಶೋರೂಮಿನವರು ಕಣ್ಣಿಗೆ ಹಿಡಿಯುವ ರಿಫ್ರ್ಯಾಕ್ಟೋಮೀಟರ್‌ಗೆ ಒಂದು ಹನಿ ಬಿಟ್ಟು ನೋಡುತ್ತಾರೆ. ಅದು ಗಾಢತೆಯನ್ನಷ್ಟೇ ಹೇಳುತ್ತದೆ. ಬೋರ್‌ವೆಲ್ ನೀರಿನಲ್ಲಿ ಅಳತೆಯಾಗಿ ಕಲಸಿದರೂ ಅದು 32.5 ತೋರಿಸಬಹುದು. ಕಲ್ಮಷ ತಿಳಿಯಲು ಲ್ಯಾಬೇ ಬೇಕು. ಹಾಗಾಗಿ ನಮ್ಮ ಬೇಡಿಕೆ ಸರಳ: ಗಾಡಿ ಒಳಗೆ ಬಂದ ದಿನವೇ ಟ್ಯಾಂಕಿನಿಂದ ಎರಡು ಶುಚಿ ಬಾಟಲಿಗೆ ಡೆಫ್ ತೆಗೆದು, ಇಬ್ಬರೂ ಸಹಿ ಮಾಡಿ ಸೀಲ್ ಹಾಕಲಿ. ಒಂದು ಕಂಪನಿಗೆ, ಒಂದು ಮಾಲೀಕನಿಗೆ. ವರದಿಯಲ್ಲಿ ಕಲ್ಮಷ ಬಂದರೆ ಖರ್ಚು ನಮ್ಮದು, ಬರದಿದ್ದರೆ ಆ ಮಾತನ್ನು ಮತ್ತೆ ಎತ್ತಬಾರದು. ಅಂದಹಾಗೆ ಯೂರಿಯಾ ಕೆಟ್ಟರೆ ಮೊದಲು ಪೆಟ್ಟು ತಿನ್ನುವುದು ಪಂಪು, ಇಂಜೆಕ್ಟರ್, ಕೆಟಲಿಸ್ಟ್. ಮುಂದಿನ ಸೆನ್ಸರ್ ಇರುವುದು ಡೆಫ್ ಬೀಳುವ ಜಾಗಕ್ಕಿಂತ ಮುಂಚೆ. ಅದೂ ಕೆಡುತ್ತಿದೆಯಲ್ಲ, ಅದಕ್ಕೆ ಯಾವ ಯೂರಿಯಾ ಕಾರಣ?

ಎಂಜಿನ್ ಶಕ್ತಿ ಕಡಿತವಾಗುವುದು ಯಾರ್ಡಿನಲ್ಲಲ್ಲ. ಮಂಗಳೂರಿನಿಂದ ಗೊಬ್ಬರವೋ ಕಲ್ಲಿದ್ದಲೋ ತುಂಬಿಕೊಂಡು ಗುಂಡ್ಯ ದಾಟಿ ಶಿರಾಡಿ ಏರುವಾಗ ಗಾಡಿ ಎಳೆಯದೆ ಹೋದರೆ ಹಿಂದೆ ಬಸ್ಸು, ಆಂಬುಲೆನ್ಸು ಎಲ್ಲ ಸಾಲುಗಟ್ಟುತ್ತವೆ. ಈ ಬೇಸರಕ್ಕೇ ಕೆಲವರು ಎಮ್ಯುಲೇಟರ್ ಎಂಬ ಪೆಟ್ಟಿಗೆ ಹಾಕಿಸಿ ಇಸಿಎಂಗೆ ‘ಎಲ್ಲ ಸರಿಯಿದೆ’ ಎಂದು ಸುಳ್ಳು ಹೇಳಿಸುತ್ತಿದ್ದಾರೆ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ, ಬಿಎಸ್-6 ಗಾಡಿ ಬಿಎಸ್-4ಕ್ಕಿಂತಲೂ ಕೆಟ್ಟ ಹೊಗೆ ಬಿಡಬಹುದು. ನಾವು ಅದನ್ನು ಬೆಂಬಲಿಸುವುದಿಲ್ಲ. ಆದರೆ ಅಂಥ ಅಂಗಡಿಗಳಿಗೆ ಗಿರಾಕಿಗಳನ್ನು ಕಳಿಸುತ್ತಿರುವುದು ಕಂಪನಿಯ ಮೌನವೇ.

ಕಾನೂನು ನಮ್ಮ ಕಡೆಗಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿದೆ. ಒಂದು ಮಾದರಿಯ ದೋಷದಿಂದ ಪರಿಸರಕ್ಕೋ, ಚಾಲಕನಿಗೋ, ರಸ್ತೆಯಲ್ಲಿ ಹೋಗುವ ಇತರರಿಗೋ ಹಾನಿಯಾಗುವಂತಿದ್ದರೆ, ನಿಗದಿತ ಪ್ರಮಾಣದ ಮಾಲೀಕರು ದೂರಿದಾಗ ಕೇಂದ್ರ ಸರ್ಕಾರ ರೀಕಾಲ್‌ಗೆ (ಮಾರಿದ ಗಾಡಿಗಳನ್ನು ಕಂಪನಿ ವಾಪಸು ಕರೆಸಿ ದೋಷ ಸರಿಪಡಿಸುವುದಕ್ಕೆ) ಆದೇಶಿಸಬಹುದು. ಹೊಗೆ ಅಳೆಯುವ ಭಾಗವೇ ಕೆಡುವುದು ಪರಿಸರದ ಮಾತು, ಘಾಟಿಯಲ್ಲಿ ಶಕ್ತಿ ಕುಸಿಯುವುದು ಸುರಕ್ಷತೆಯ ಮಾತು. 2021ರ ಏಪ್ರಿಲ್‌ನಿಂದ ಇದಕ್ಕೆ ನಿಯಮಗಳೂ ಜಾರಿಯಲ್ಲಿವೆ, ಕಡ್ಡಾಯ ರೀಕಾಲ್ ಆದರೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ಏಳು ವರ್ಷ ತುಂಬದ ಗಾಡಿಗಳಿಗಷ್ಟೇ. 2020ರಲ್ಲಿ ರಸ್ತೆಗಿಳಿದ ಮೊದಲ ಬಿಎಸ್-6 ಲಾರಿಗಳಿಗೆ ಆ ಗಡುವು 2027ಕ್ಕೆ ಮುಗಿಯುತ್ತದೆ. ದಿನ ತಳ್ಳಿದಷ್ಟೂ ಯಾರಿಗೆ ಲಾಭ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸಿ ಹೊಟ್ಟೆ ಹೊರೆಯುವವರು ಗ್ರಾಹಕರ ಆಯೋಗಕ್ಕೂ ಹೋಗಬಹುದು. ವ್ಯಾಪಾರಕ್ಕೆ ಕೊಂಡದ್ದು ಎಂಬ ತಕರಾರು ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಅನ್ವಯಿಸುವುದಿಲ್ಲ.

ಹೊಗೆ ಶುದ್ಧಿಯ ಭಾಗಕ್ಕೆ ರೀಕಾಲ್ ಮಾಡುತ್ತಾರೆಯೇ ಎಂದು ಕೇಳುವವರಿಗೆ: 2018ರಲ್ಲಿ ಅಮೆರಿಕದಲ್ಲಿ ಕಮಿನ್ಸ್ ಕಂಪನಿ 2010ರಿಂದ 2015ರ ಮಾದರಿಗಳ ಸುಮಾರು 5 ಲಕ್ಷ ವಾಹನಗಳ ಕೆಟಲಿಸ್ಟ್ ಬದಲಿಸಲು ತಾನಾಗಿ ಒಪ್ಪಿತು. ಬಾಳಬೇಕಾದಷ್ಟು ಕಾಲ ಆ ಭಾಗ ಬಾಳುತ್ತಿಲ್ಲ ಎಂದು ಸರ್ಕಾರಿ ತಪಾಸಣೆಯಲ್ಲಿ ಗೊತ್ತಾಗಿತ್ತು. ಡ್ರೈವರ್ ಹಾಕಿದ ಯೂರಿಯಾ ಸರಿಯಿಲ್ಲ ಎಂದು ಯಾರೂ ಕೈತೊಳೆದುಕೊಳ್ಳಲಿಲ್ಲ.

ಕಂಪನಿಯಿಂದ ನಾವು ಕೇಳುವುದು ಇಷ್ಟು. ಯಾವ ತಿಂಗಳು ತಯಾರಾದ, ಯಾವ ಚಾಸಿ ನಂಬರುಗಳ ಗಾಡಿಯಲ್ಲಿ ಈ ಸೆನ್ಸರ್ ಕೆಡುತ್ತಿದೆ ಎಂದು ಬರಹದಲ್ಲಿ ತಿಳಿಸಲಿ. ಸೆನ್ಸರ್ ಕೂರುವ ತಿರುಪಿನ ಮಣೆಯನ್ನು (ಬಾಸ್) ಪೈಪಿನ ಮೇಲ್ಭಾಗಕ್ಕೆ ತರಲಿ, ಪೆಟ್ಟಿಗೆಯನ್ನು ಸೈಲೆನ್ಸರ್‌ನಿಂದ ದೂರ ಸರಿಸಿ ಅಡ್ಡ ತಗಡು ಕೊಡಲಿ, ಹೀಟರ್ ಶುರುವಾಗುವ ಸಮಯವನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದಲಿ. ಒಂದೇ ಗಾಡಿಯಲ್ಲಿ ಎರಡನೇ ಸಲ ಕೆಟ್ಟರೆ ಆ ಭಾಗಕ್ಕೆ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಲಿ. ಇದುವರೆಗೆ ಕೈಯಿಂದ ಕೊಟ್ಟವರಿಗೆ ಬಿಲ್ಲು ನೋಡಿ ವಾಪಸು ಕೊಡಲಿ.

ಈ ತೊಂದರೆ ಇರುವ ಬೇರೆ ಮಾಲೀಕರಿಗೆ ಒಂದು ವಿನಂತಿ. ಜಾಬ್ ಕಾರ್ಡಿನಲ್ಲಿ ‘ಚೆಕ್ ಲೈಟ್ ಕಂಪ್ಲೇಂಟ್’ ಎಂದು ಬರೆಸಬೇಡಿ. ಕೋಡಿನ ಎರಡೂ ಸಂಖ್ಯೆ, ಓಡಿದ ಕಿಲೋಮೀಟರ್, ಎಂಜಿನ್ ಗಂಟೆ, ಹಳೆಯ ಮತ್ತು ಹೊಸ ಸೆನ್ಸರ್ ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್ ಬರೆಸಿ. ಡೆಫ್ ಬಿಲ್ಲುಗಳನ್ನು ಬ್ಯಾಚ್ ನಂಬರ್ ಸಹಿತ ಒಂದು ಫೈಲಿನಲ್ಲಿಡಿ. ವಾಹನ್ ಜಾಲತಾಣದಲ್ಲಿ ರೀಕಾಲ್ ದೂರು ಸಲ್ಲಿಸುವಾಗ ಇವೆಲ್ಲ ಬೇಕಾಗುತ್ತವೆ. ಮತ್ತು ದುಡ್ಡು ಕೊಟ್ಟು ಬದಲಿಸಿದ್ದಾದರೆ ಹಳೆಯ ಸೆನ್ಸರ್ ನಿಮ್ಮದು, ಚಾಸಿ ನಂಬರ್ ಬರೆದು ಚೀಲಕ್ಕೆ ಹಾಕಿಕೊಳ್ಳಿ, ಶೋರೂಮಿನಲ್ಲಿ ಬಿಟ್ಟು ಬರಬೇಡಿ.

— ನೊಂದ ಲಾರಿ ಮಾಲೀಕರು, ಚಿತ್ರದುರ್ಗ ಮತ್ತು ಹೊಸಪೇಟೆ