ಒಂದು ಮುಗಿಸಿ ಇನ್ನೊಂದು ಕೊಳ್ಳು

ಮೈಸೂರು
ಭಾನುವಾರ ರಾತ್ರಿ

ಚಿ॥ ಪುಟ್ಟಿಗೆ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮತ್ತೆಯ ಮಂಡಿನೋವೊಂದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ. ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. "ನಿನ್ ಸೊಸೆ ಅರ್ಧ ಲಕ್ಷದ ಡಬ್ಬ ತಂದು ಟೀವಿಗೆ ಸಿಗಾಕವ್ಳೆ ಕಣಣ್ಣ. ರಾತ್ರಿ ಹನ್ನೊಂದಾದ್ರೂ ಏಳಕ್ಕಿಲ್ಲ. ನೀನಾದ್ರೂ ಒಸಿ ಬುದ್ಧಿ ಹೇಳು" ಅಂದಳು. ಆಮೇಲೆ ನಿನ್ನ ತಮ್ಮ ಫೋನ್ ಕಿತ್ತುಕೊಂಡು, ಗುಟ್ಟು ಹೇಳುವವನ ಹಾಗೆ, "ಸೇಲ್ ಅಂತ ಅಕ್ಕ ಹನ್ನೊಂದು ಆಟ ತಗಂಡವ್ಳೆ ಮಾವ, ಒಂದ್ನೂ ಮುಗ್ಸಿಲ್ಲ" ಅಂತ ಊದಿದ.

ಬುದ್ಧಿ ಹೇಳೋಕೇ ಕೂತಿದ್ದೇನೆ. ಆದರೆ ನಿಮ್ಮಮ್ಮ ಅಂದುಕೊಂಡ ಬುದ್ಧಿಯಲ್ಲ. ಆಡಬೇಡ ಅನ್ನೋಕೆ ನನಗೆ ಯೋಗ್ಯತೆ ಎಲ್ಲಿದೆ? ನಿನ್ನ ಭಾವ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಪ್ಲೇಸ್ಟೇಷನ್, ನಿನ್ನದರಂಥದ್ದೇ ವಿಡಿಯೋ ಗೇಮ್ ಡಬ್ಬ, ನಮ್ಮ ಹಾಲಿನಲ್ಲೇ ಇದೆ. ಈಗ ಟೀವಿ ಕೆಟ್ಟರೆ ರಿಪೇರಿಗೆ ತರುವವರು ಯಾರು, ಹೊಸದೇ ಕೊಳ್ಳುತ್ತಾರೆ. ಶಿವರಾಂಪೇಟೆಯ ಅಂಗಡಿ ಆರಕ್ಕೇ ಮುಚ್ಚಿ ಬರುತ್ತೇನೆ. ಸಂಜೆ ಕಳೆಯಬೇಕಲ್ಲ. ಅಂತೂ ಆ ಡಬ್ಬದ ಮುಂದೆ ನನಗೂ ನಾಲ್ಕು ವರ್ಷದ ಅನುಭವ ಆಗಿದೆ.

ನನ್ನ ತಕರಾರು ಇರುವುದು ಹನ್ನೊಂದರ ಮೇಲೆ. ತೊಂಬತ್ತರ ದಶಕದಲ್ಲಿ ದಸರಾ ವಸ್ತುಪ್ರದರ್ಶನಕ್ಕೆ ಹೋದ ಹುಡುಗರೆಲ್ಲ ವಿಡಿಯೋ ಗೇಮಿನ ಒಂದು ಹಳದಿ ಕ್ಯಾಸೆಟ್ ಕೊಂಡು ಬರುತ್ತಿದ್ದರು. ಮೇಲೆ "9999 ಇನ್ 1" ಅಂತ ಚೀಟಿ. ವಾರ ಕಳೆಯುವಷ್ಟರಲ್ಲಿ ಅದು ನನ್ನ ಅಂಗಡಿಗೆ ಬರುತ್ತಿತ್ತು: "ಅಂಕಲ್, ಊದಿದರೂ ಬರ್ತಿಲ್ಲ." ಅಂಥವನ್ನು ಎಷ್ಟು ಬಿಚ್ಚಿದ್ದೇನೋ ಲೆಕ್ಕವಿಲ್ಲ. ಅಂಗೈ ಅಗಲದ ಪ್ಲಾಸ್ಟಿಕ್ಕಿನೊಳಗೆ ಎರಡು ಬೆರಳಗಲದ ಬೋರ್ಡು, ಅದರ ನಡುವೆ ಹುಣಸೇಬೀಜದಷ್ಟು ಕರೀ ಬೊಟ್ಟು. ಅಷ್ಟೇ. ಅದರಲ್ಲಿದ್ದದ್ದು ಮರಿಯೋ, ಕಾಂಟ್ರಾ ಸೇರಿ ಬೆರಳಲ್ಲಿ ಎಣಿಸುವಷ್ಟು ಆಟ. ಅವೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಹುಡುಗರಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಮಾರನೇ ವರ್ಷ "99999 ಇನ್ 1" ಕೊಳ್ಳುತ್ತಿದ್ದರು.

ನಿನ್ನ ಹನ್ನೊಂದು ಆಟ ನಿಜವಾಗಿಯೂ ಹನ್ನೊಂದೇ ಇರಬಹುದು. ಆದರೆ ಮುಟ್ಟದೆ ಬಿಟ್ಟ ಆಟ ಆ ಚೀಟಿಯ ಮೇಲಿನ ಸಂಖ್ಯೆಯೇ ತಾನೆ? ಅದಕ್ಕೇ ನನ್ನ ಕಟ್ಟುನಿಟ್ಟು: ಒಂದು ಮುಗಿಸು, ಇಲ್ಲವೇ ಇದು ನನಗಲ್ಲ ಅಂತ ಮನಸಾರೆ ಬಿಟ್ಟುಬಿಡು. ಆಮೇಲೆ ಇನ್ನೊಂದು. ಸೇಲ್ ಮತ್ತೆ ಬಂದೇ ಬರುತ್ತದೆ, ಸಂತೆಯಿದ್ದ ಹಾಗೆ. ಪ್ಲೇಸ್ಟೇಷನ್ನಿನ ಆನ್‌ಲೈನ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು, ಆದರೆ ಡೌನ್‌ಲೋಡ್ ಶುರುಮಾಡಿರಬಾರದು. ಇಳಿಸಿಕೊಂಡೆಯೋ, ನಿನ್ನದಾಯಿತು.

ಇನ್ನು ಏನು ಆಡಬೇಕು ಅನ್ನೋದು. ನೀನು ತಂದಿರುವುದು ಆಟದ ತಟ್ಟೆ, ಅದೇ ಡಿಸ್ಕ್, ಹಾಕುವ ಬಾಯೇ ಇಲ್ಲದ ಮಾಡೆಲ್ಲಂತೆ. ಒಳ್ಳೆಯದೇ. ನಾನು ಹೇಳುವ ಇಂಡಿ ಆಟಗಳು, ಅಂದರೆ ದೊಡ್ಡ ಕಂಪನಿಯ ನೆರಳಿಲ್ಲದೆ ಕೆಲವೇ ಜನ ಮಾಡಿದವು, ಹುಟ್ಟಿದ್ದೇ ತಟ್ಟೆಯ ಹಂಗಿಲ್ಲದೆ. ಮೊದಲೆಲ್ಲ ಆಟ ಮಾರಬೇಕಾದರೆ ತಟ್ಟೆ ಅಚ್ಚು ಹಾಕಿಸಬೇಕು, ಡಬ್ಬ ಮಾಡಿಸಬೇಕು, ಅಂಗಡಿಯಲ್ಲಿ ಜಾಗ ಹಿಡಿಯಬೇಕು. ದುಡ್ಡಿರುವ ಕಂಪನಿಯ ಕಾಲು ಹಿಡಿಯದೆ ಆಗದು. ಡೌನ್‌ಲೋಡ್ ಬಂದ ಮೇಲೆ ಕೋಣೆಯಲ್ಲಿ ಕೂತ ಒಬ್ಬ, ಇಬ್ಬರೂ ಮಾರಬಹುದು ಅಂತಾಯಿತು. 2008ರಲ್ಲಿ ಎಕ್ಸ್‌ಬಾಕ್ಸ್ ಅನ್ನುವ ಇನ್ನೊಂದು ಕಂಪನಿಯ ಡಬ್ಬಕ್ಕೆ ಬಂದ ಬ್ರೇಡ್ ಅನ್ನುವ ಆಟ ಅದನ್ನು ಸಾಧಿಸಿ ತೋರಿಸಿತು. ದೊಡ್ಡ ಕಂಪನಿಯ ಹೊಸ ಆಟಕ್ಕೆ ಐದು ಸಾವಿರದ ಹತ್ತಿರ ಕೇಳುತ್ತಾರೆ, ನೂರು ಜಿಬಿ ನುಂಗುತ್ತದೆ. ನಿಮ್ಮೂರಿನ ನೆಟ್‌ನಲ್ಲಿ ಅದು ಇಳಿಯುವಷ್ಟರಲ್ಲಿ ನಾಲೆಗೆ ನೀರು ಬಂದು ನಿಂತಿರುತ್ತದೆ.

ಮೊದಲು ಸ್ಟಾರ್‌ಡ್ಯೂ ವ್ಯಾಲಿ. ಅಮೆರಿಕದ ಎರಿಕ್ ಬರೋನ್ ಅನ್ನುವವನು ಒಬ್ಬನೇ ನಾಲ್ಕೂವರೆ ವರ್ಷ ಕೂತು ಮಾಡಿದ್ದು. ಚಿತ್ರ, ಸಂಗೀತ, ಕೋಡು, ಮಾತು, ಎಲ್ಲ ಅವನದೇ. ಆಗ ಹೊಟ್ಟೆಪಾಡಿಗೆ ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದ. ಆಟ 2016ರಲ್ಲಿ ಬಂತು. ಇಷ್ಟು ವರ್ಷವಾದ ಮೇಲೂ ಹೊಸ ಹೊಸದು ಸೇರಿಸುತ್ತಾನೆ, ಕೊಂಡವರ ಹತ್ತಿರ ಮತ್ತೆ ಕಾಸು ಕೇಳಿಲ್ಲ.

ಶುರುವಾಗುವುದೇ ಸಾಯುವ ಮುಂಚೆ ತಾತ ಕೊಟ್ಟ ಒಂದು ಕಾಗದದಿಂದ. ಪೇಟೆಯ ಕಂಪನಿ ಕೆಲಸ ಬಿಟ್ಟು ತಾತನ ಪಾಳುಬಿದ್ದ ಜಮೀನಿಗೆ ಬರುತ್ತೀಯ. ಊರಿನ ಯಜಮಾನ ಪಾರ್ಸ್‌ನಿಪ್ ಅನ್ನುವ ಬಿಳಿ ಗೆಡ್ಡೆಯ ಹದಿನೈದು ಬೀಜ ಕೊಡುತ್ತಾನೆ. ಅಗಿ, ಬಿತ್ತು, ನೀರು ಹಾಕು. ನಾಲ್ಕೇ ದಿನಕ್ಕೆ ಕೊಯ್ಲು. ಇದನ್ನು ನಿಮ್ಮಪ್ಪನಿಗೆ ತೋರಿಸಬೇಡ ಅನ್ನೋಣ ಅಂದುಕೊಂಡೆ, ಇಲ್ಲ, ತೋರಿಸು. ಬೆಳೆದದ್ದನ್ನು ಮನೆ ಮುಂದಿನ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ದುಡ್ಡು ಬಂದಿರುತ್ತದೆ. ಹನ್ನೆರಡು ತಿಂಗಳು ಕಬ್ಬು ಕಾದು, ಕಟಾವಿಗೆ ಆರ್ಡರ್ ಕಾದು, ಲಾರಿ ಕಾದು, ಆಮೇಲೆ ಬಿಲ್ಲಿಗೆ ಕಾರ್ಖಾನೆ ಬಾಗಿಲು ಕಾದವರು ಅವರು. ಆ ಪೆಟ್ಟಿಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೋ, ಎದ್ದು ಹೋಗುತ್ತಾರೋ, ಬರೆದು ತಿಳಿಸು.

ಇದರಲ್ಲಿ ಎರಡು ಕಡೆ ಎಚ್ಚರ. ಆಟದ ಒಂದು ದಿನ ಅಂದರೆ ನಮ್ಮ ಗಡಿಯಾರದ ಹದಿನಾಲ್ಕು ನಿಮಿಷ ಚಿಲ್ಲರೆ. "ಇನ್ನೊಂದೇ ದಿನ, ಇನ್ನೊಂದೇ ದಿನ" ಅಂತ ರಾತ್ರಿ ಜಾರುವುದು ಇಲ್ಲೇ. ಆ ಆಟದ ರೈತನೇ ರಾತ್ರಿ ಎರಡಾದರೆ ನಿಂತಲ್ಲೇ ಬಿದ್ದುಹೋಗುತ್ತಾನೆ, ನಿನಗೇನು ವಿನಾಯಿತಿ? ಇನ್ನೊಂದು, ಆಟದೊಳಗಿನ ದಿನ ಮುಗಿದಾಗ ಮಾತ್ರ ಆಟ ಸೇವ್ ಆಗುತ್ತದೆ. ನಡುಹಗಲಲ್ಲಿ ಕರೆಂಟ್ ಹೋಯಿತೋ, ಅವತ್ತಿನ ದುಡಿಮೆ ಅಷ್ಟೂ ನೀರುಪಾಲು. ಹಾಗಾಗಿ ಮೊದಲು ಒಂದು ಯುಪಿಎಸ್ ತಗೋ. ಡಬ್ಬವನ್ನು ನಿಮ್ಮಮ್ಮನ ಗಾಜಿನ ಶೋಕೇಸಿನಲ್ಲಿ, ಆ ಶ್ರೀಗಂಧದ ಆನೆಯ ಪಕ್ಕ, ಇಡಬೇಡ. ಅದಕ್ಕೆ ಹಿಂದಿನಿಂದ ಬಿಸಿಗಾಳಿ ಹೊರಡಬೇಕು. ಬಾಗಿಲು ಮುಚ್ಚಿದ ಶೋಕೇಸಿನಲ್ಲಿ ಬೆಂದುಹೋದ ಎರಡನ್ನು ನಾನೇ ಬಿಚ್ಚಿ ನೋಡಿದ್ದೇನೆ, ಒಳಗೆ ಧೂಳು ಕಂಬಳಿ ಹಾಗೆ ಕೂತಿತ್ತು.

ಸೆಲೆಸ್ಟ್ ಬೇರೆ ಜಾತಿಯದು, 2018ರದು. ಮ್ಯಾಡಲಿನ್ ಅನ್ನುವ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ, ಕಥೆ ಅಷ್ಟೇ. ಹತ್ತಲು ಬಿಡದವಳು ಅವಳೇ, ಅವಳದೇ ಇನ್ನೊಂದು ರೂಪ ಅಡ್ಡ ಬಂದು "ನಿನ್ನ ಕೈಲಾಗಲ್ಲ" ಅನ್ನುತ್ತಿರುತ್ತದೆ. ಸಾಯುತ್ತೀಯ, ಸಾವಿರ ಸಲ. ಸತ್ತ ಮರುಕ್ಷಣ ಅದೇ ಜಾಗದಲ್ಲಿ ಎದ್ದು ನಿಂತಿರುತ್ತೀಯ, ಬೇಜಾರು ಮಾಡಿಕೊಳ್ಳಲೂ ಪುರಸೊತ್ತಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ನೆನಪಿದೆಯಾ? ನಿನಗಾಗ ಏಳು ವರ್ಷ. ಹರಕೆ ಅಂತ ನಿಮ್ಮಮ್ಮ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಂದಳು, ನೀನು ನಂದಿ ಹತ್ತಿರ ಕೂತು ಇನ್ನು ಏಳುವುದಿಲ್ಲ ಅಂತ ಹಟ ಹಿಡಿದೆ. ಮಂಡಕ್ಕಿ ಕೊಡಿಸಿ ಎಬ್ಬಿಸಿದೆ ನಾನು. ಈ ಆಟದಲ್ಲಿ ಮಂಡಕ್ಕಿಯ ಬದಲು ಅಸಿಸ್ಟ್ ಮೋಡ್ ಇದೆ. ವೇಗ ತಗ್ಗಿಸಿಕೊಳ್ಳಬಹುದು, ಬೇಕಾದರೆ ಸಾಯದ ಹಾಗೂ ಮಾಡಿಕೊಳ್ಳಬಹುದು. ಮೂವತ್ತು ವರ್ಷ ಸೋಲ್ಡರ್ ಹಿಡಿದ ನನ್ನ ಬೆರಳು ಈಗ ಗುಂಡಿಗೆ ಸರಿಯಾಗಿ ಬೀಳುವುದಿಲ್ಲ. ವೇಗ ನೂರಕ್ಕೆ ಎಂಬತ್ತಕ್ಕೆ ಇಳಿಸಿಯೇ ತುದಿ ಮುಟ್ಟಿದೆ. ನಿನ್ನ ಭಾವ ನಕ್ಕ. ನಗಲಿ.

ಪತ್ತೇದಾರಿ ಇಷ್ಟವಿದ್ದರೆ ರಿಟರ್ನ್ ಆಫ್ ದಿ ಓಬ್ರಾ ಡಿನ್. ನನ್ನನ್ನು ಕೇಳಿದರೆ ಈ ಪತ್ರದಲ್ಲಿರುವುದರಲ್ಲೆಲ್ಲ ಇದೇ ಮೇಲು. ಲೂಕಸ್ ಪೋಪ್ ಅನ್ನುವವನ ಕೈಕೆಲಸ. 1807ನೇ ಇಸವಿ, ಕಳೆದೇಹೋಯಿತು ಅಂದುಕೊಂಡಿದ್ದ ಹಡಗು ಬಂದರಿಗೆ ತೇಲಿಬಂದಿದೆ, ಒಂದು ನರಪಿಳ್ಳೆಯೂ ಇಲ್ಲ. ನೀನು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕದವಳು. ಹೌದು, ಅದೇ ಕಂಪನಿ, 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಕೋಟೆ ಒಡೆದು ಒಳನುಗ್ಗಿದವರು. ಹಡಗಿನಲ್ಲಿ ಇದ್ದ ಅರವತ್ತು ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು, ಅಷ್ಟನ್ನೂ ಪುಸ್ತಕದಲ್ಲಿ ತುಂಬಬೇಕು. ಕೈಯಲ್ಲೊಂದು ಗಡಿಯಾರ ಇರುತ್ತದೆ, ಹೆಣದ ಹತ್ತಿರ ತೆರೆದರೆ ಅವನು ಸತ್ತ ಆ ಒಂದು ಕ್ಷಣ ಗೊಂಬೆಯ ಹಾಗೆ ನಿಂತುಬಿಡುತ್ತದೆ. ಸುತ್ತ ನಡೆದು ನೋಡು: ಯಾರ ಕಾಲಿಗೆ ಎಂಥ ಬೂಟು, ಯಾರು ಯಾರ ಪಕ್ಕ ನಿಂತಿದ್ದಾರೆ, ಯಾವ ಭಾಷೆಯಲ್ಲಿ ಕೂಗುತ್ತಿದ್ದಾರೆ. ಖಲಾಸಿಗಳಲ್ಲಿ ಇಂಡಿಯಾದವರೂ ಇದ್ದಾರೆ. ಮೂರು ಜನರ ಗತಿ ಸರಿಯಾಗಿ ಬರೆದರೆ ಮಾತ್ರ ಪುಸ್ತಕ ಹೌದು ಅನ್ನುತ್ತದೆ, ಹಾಗಾಗಿ ಊಹೆ ಹೊಡೆದು ದಾಟಲಾಗುವುದಿಲ್ಲ. ಚಿತ್ರವೆಲ್ಲ ಚುಕ್ಕಿ ಚುಕ್ಕಿಯ ಕಪ್ಪು ಬಿಳುಪು. ಆಂಟೆನಾ ಸರಿಯಿಲ್ಲದ ಹಳೇ ಟೀವಿ ರಿಪೇರಿ ಮಾಡುತ್ತಾ ಬೆಳೆದವನಿಗೆ ಅದು ಮನೆಗೆ ಬಂದಂತೆ ಆಯಿತು. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೋ. ತಮ್ಮನನ್ನೂ ಕೂರಿಸಿಕೋ, ಅವನ ಕಣ್ಣು ಚುರುಕು, ಬಾಯಿಯ ಹಾಗೆಯೇ.

ಹಾಲೋ ನೈಟ್ ಬಗ್ಗೆ ಎಲ್ಲರೂ ಹೊಗಳುತ್ತಾರೆ, ಸುಳ್ಳಲ್ಲ. ಆದರೆ ನಾನು ಸೋತು ಬಿಟ್ಟ ಆಟ, ನಕ್ಷೆಯನ್ನೂ ಆಟದೊಳಗಿನ ದುಡ್ಡು ಕೊಟ್ಟು ಕೊಂಡು ಕತ್ತಲಲ್ಲಿ ಅಲೆಯಬೇಕು. ಅದರ ಮುಂದಿನ ಭಾಗ ಸಿಲ್ಕ್‌ಸಾಂಗ್ 2025ರಲ್ಲಿ ಬಂದಿದೆ, ಅದು ಇನ್ನೂ ಗಟ್ಟಿ ಅನ್ನುತ್ತಾನೆ ನಿನ್ನ ಭಾವ. ತಮ್ಮನ ಪಿಯುಸಿ ಪರೀಕ್ಷೆ ಮುಗಿಯುವವರೆಗೂ ಎರಡೂ ಮನೆಗೆ ಬರಕೂಡದು. ಪುಣೆಯವರು ಮಾಡಿದ 'ರಾಜಿ' ಅನ್ನುವ ಆಟ ನೋಡಲು ಚೆಂದ, ಕಥೆಯನ್ನು ತೊಗಲುಗೊಂಬೆಯಂಥ ನೆರಳಾಟದಲ್ಲಿ ಹೇಳುತ್ತಾರೆ. ಹೊಡೆದಾಟ ಮಾತ್ರ ಅರ್ಧಕ್ಕೇ ಸಪ್ಪೆ. ನಮ್ಮವರದು ಅಂತ ಒಂದು ಸಲ ಆಡು. ಓವರ್‌ಕುಕ್ಡ್ ನಾಲ್ಕು ಜನ ಸೇರಿ ಅಡುಗೆಮನೆ ನಡೆಸುವ ಆಟ, ಹಬ್ಬಕ್ಕೆ ನೀವೆಲ್ಲ ಸೇರಿದಾಗ ಇರಲಿ. ಜಗಳ ಆಗುತ್ತದೆ, ಈಗಲೇ ಹೇಳಿದ್ದೇನೆ.

ಜರ್ನಿ ಒಂದನ್ನು ಮಾತ್ರ ಒಬ್ಬಳೇ ಇದ್ದಾಗ ಆಡು. 2012ರದು, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಮರಳುಗಾಡು, ದೂರದಲ್ಲೊಂದು ಬೆಟ್ಟ, ಒಂದು ಅಕ್ಷರವೂ ಇಲ್ಲ. ನಡುವೆ ಎಲ್ಲಿಂದಲೋ ನಿನ್ನಂಥವನೇ ಇನ್ನೊಬ್ಬ ಬಂದು ಜೊತೆಯಾಗುತ್ತಾನೆ. ಅದು ಕಂಪ್ಯೂಟರಲ್ಲ, ಪ್ರಪಂಚದ ಯಾವುದೋ ಮನೆಯಲ್ಲಿ ಕೂತ ಮನುಷ್ಯ. ಮಾತಾಡುವಂತಿಲ್ಲ, ಗುಂಡಿ ಒತ್ತಿದರೆ ಒಂದು ಸ್ವರ ಹೊರಡುತ್ತದೆ, ಅಷ್ಟೇ. ಹಿಮದಲ್ಲಿ ಹತ್ತುವಾಗ ನಾನು ಹಿಂದೆ ಬಿದ್ದೆ. ಆತ ನಿಂತ. ಸ್ವರ ಹೊರಡಿಸಿದ. ನಾನು ಹತ್ತಿರ ಹೋದ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡೇ ನಡೆದೆವು. ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಜೊತೆಯಲ್ಲಿ ನಡೆದವರ ಹೆಸರು ಬಂತು, ಅಕ್ಷರ ಅಂಕಿ ಬೆರೆತ ಏನೋ ಒಂದು. ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ಯಾಕೆ ಅಂತ ನಿಮ್ಮತ್ತೆ ಕೇಳಿದಳು, ಹೇಳಲು ಬರಲಿಲ್ಲ.

ಇನ್ನು ನಿಮ್ಮಮ್ಮನ ಬಾಯಿ ಮುಚ್ಚಿಸುವ ದಾರಿ. ಅನ್‌ಪ್ಯಾಕಿಂಗ್ ಅಂತ ಒಂದಿದೆ, ಆಸ್ಟ್ರೇಲಿಯಾದವರದು. ಮನೆ ಬದಲಾಯಿಸಿದ ಹುಡುಗಿಯ ಸಾಮಾನನ್ನು ಡಬ್ಬದಿಂದ ತೆಗೆದು ಜೋಡಿಸುವುದೇ ಆಟ. ಓಡುವುದಿಲ್ಲ, ಗಡಿಯಾರದ ಕಾಟವಿಲ್ಲ. ನವರಾತ್ರಿಗೆ ಬೊಂಬೆ ಕೂರಿಸುವಾಗ ಒಂದು ಪಟ್ಟದ ಗೊಂಬೆಯನ್ನು ಹತ್ತು ಸಲ ಜರುಗಿಸುವವಳಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ, ಕಂಟ್ರೋಲರ್ ಹಿಡಿಯುವುದೊಂದನ್ನು ಹೇಳಿಕೊಡು.

ಆಟ 1997ರಲ್ಲಿ ಮಗುವಿನ ಕೋಣೆಯಿಂದ ಶುರುವಾಗಿ ಮನೆಯಿಂದ ಮನೆಗೆ ಹೋಗುತ್ತದೆ. 2010ನೇ ಇಸವಿಗೆ ಬಂದಾಗ ಆ ಹುಡುಗಿ ಗಂಡುಗೆಳೆಯನ ಮನೆ ಸೇರಿರುತ್ತಾಳೆ. ಗೋಡೆ ತುಂಬ ಅವನದೇ ಪಟ, ಕಪಾಟಿನ ತುಂಬ ಅವನದೇ ಸಾಮಾನು. ಇವಳ ಡಿಗ್ರಿ ಸರ್ಟಿಫಿಕೇಟಿಗೆ ಎಲ್ಲೂ ಜಾಗವಿಲ್ಲ. ಎಲ್ಲಿಟ್ಟರೂ ಆಟ ಒಪ್ಪುವುದಿಲ್ಲ. ಕೊನೆಗೆ ಅದು ಹೋಗುವುದು ಮಂಚದ ಕೆಳಗೆ.

ನಿನ್ನ ತಾತ ಎರಡು ಎಮ್ಮೆ ಮಾರಿ ನಿಮ್ಮಮ್ಮನಿಗೆ ಟಿಸಿಎಚ್, ಅದೇ ಟೀಚರ್ ಟ್ರೈನಿಂಗ್, ಓದಿಸಿದ್ದರು. ಆ ಸರ್ಟಿಫಿಕೇಟು ಮದುವೆಯ ಟ್ರಂಕಿನಲ್ಲಿ ನಿಮ್ಮನೆಗೆ ಬಂತು. ಟ್ರಂಕು ಎಲ್ಲಿದೆ ಅಂತ ನಿನಗೆ ಗೊತ್ತು, ಅದರ ಮೇಲೆ ಚಾಪೆ ಸುತ್ತಿಟ್ಟಿದ್ದಾರೆ. ಆಟದಲ್ಲಿ ಆ 2010ರ ಮನೆ ಬಂದಾಗ ಅವಳೇ ಹುಡುಕಲಿ. ಎಷ್ಟು ಹೊತ್ತಾದರೂ ಆಗಲಿ, ಇಲ್ಲಿಡಮ್ಮ ಅಂತ ನೀನು ಬಾಯಿ ಬಿಡಬೇಡ.

ಇಂತಿ ನಿನ್ನ
ಮಾವ