ಆಯಿ, ಇಲ್ಲಿಯ ಚಳಿ ಒಬ್ಬ ಮುದುಕಿಯ ಕೈಯಲ್ಲಿದೆ

ಓಬನ್, ಸ್ಕಾಟ್ಲೆಂಡ್
ನವೆಂಬರ್ 4

ಪ್ರೀತಿಯ ಆಯಿಗೆ,

ನಿನ್ನ ಮೊಮ್ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಆರಾಮ ಇದ್ದೇನೆ. ಅಪ್ಪ, ಅವ್ವ, ತಂಗಿ, ನೀನು, ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ತಂಗಿ, ಇದನ್ನು ಆಯಿಗೆ ನಿಧಾನವಾಗಿ ಓದಿ ಹೇಳು. ಅವಸರ ಮಾಡಬೇಡ.

ಆಯಿ, ಜೋಕುಮಾರನ ಹುಣ್ಣಿಮೆಯ ಮರುದಿನ ಫೋನ್ ಮಾಡಿದಾಗ ನೀನು ಒಂದು ಮಾತು ಕೇಳಿದ್ದೆ. "ನಮ್ಮ ಕಡೆ ಮಳಿ ಬೇಕಂದ್ರ ಜೋಕುಮಾರ ಹೋಗಿ ಶಿವಗ ಹೇಳ್ತಾನ. ಅಲ್ಲಿ ಯಾರು ಹೇಳ್ತಾರವ್ವಾ?" ಅಂದಿದ್ದೆ. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಉಳಿದುಬಿಡುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಮಳೆಗೆ ಯಾರೂ ಹೇಳಿ ಕಳಿಸಬೇಕಿಲ್ಲ. ತಾನಾಗೇ ಬರುತ್ತದೆ, ಜಾಸ್ತಿಯೇ ಬರುತ್ತದೆ. ಇಲ್ಲಿಯವರ ಚಿಂತೆಯೆಲ್ಲ ಚಳಿಯದು. ಆ ಚಳಿಗಾಲವನ್ನು ಆಳುವವಳು ಒಬ್ಬ ಮುದುಕಿ. ಕಾಲ್ಯಖ್ ಅಂತ ಅವಳ ಹೆಸರು. ಇದು ಗೇಲಿಕ್ ಭಾಷೆಯ ಮಾತು. ಈಗ ಸುಮ್ನೆ ಮುದುಕಿ ಅಂತ ಅರ್ಥ. ಹಳೆಯ ಅರ್ಥ ಮಾತ್ರ ಮುಸುಕು ಹೊದ್ದವಳು ಅಂತ. ಅದನ್ನು ಕೇಳಿದ ಕೂಡಲೇ ಇಳಕಲ್ ಸೀರೆಯ ಸೆರಗು ಹೊತ್ತು ಕಟ್ಟೆಯ ಮೇಲೆ ಕೂತ ನೀನೇ ಕಣ್ಣ ಮುಂದೆ ಬಂದೆ.

ಇದನ್ನೆಲ್ಲ ಹೇಳಿದ್ದು ನಾನು ನೋಡಿಕೊಳ್ಳುವ ಒಬ್ಬ ಅಜ್ಜಿ. ರಾತ್ರಿ ಪಾಳಿಯಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ. ಚಹಾ ಮಾಡಿಕೊಟ್ಟು ಪಕ್ಕದಲ್ಲಿ ಕೂತರೆ ಸಾಕು, ಕತೆ ಶುರು. ಇಂಥ ಕತೆಗಳನ್ನು ಅವರ ಮೊಮ್ಮಕ್ಕಳು ಈಗ ಕೇಳುವುದಿಲ್ಲವಂತೆ. ನಾನು ಕೇಳುತ್ತೇನೆ.

ನವೆಂಬರ್ 1ರಿಂದ ಮೇ 1ರವರೆಗೆ ಕಾಲ್ಯಖಳ ರಾಜ್ಯ. ಆಮೇಲೆ ಬ್ರಿಜಿಡ್ ಅನ್ನುವ ಹರೆಯದವಳು ಬೇಸಿಗೆಯನ್ನು ನಡೆಸುತ್ತಾಳೆ. ಮುದುಕಿಯ ಕೈಯಲ್ಲೊಂದು ಕೋಲು. ಅದನ್ನು ಊರಿದ ಕಡೆಯಲ್ಲೆಲ್ಲ ಹುಲ್ಲು ಸೆಟೆದು ನೆಲ ಕಲ್ಲಾಗುತ್ತದೆ. ಬೆನ್ನ ಮೇಲೊಂದು ಬುಟ್ಟಿ. ಅದರಿಂದ ಉದುರಿದ ಕಲ್ಲುಗಳೇ ಈ ಬೆಟ್ಟಗಳು. ಬುಟ್ಟಿ ಅಂದ ಕೂಡಲೇ ನಾನು ನಮ್ಮ ಜೋಕುಮಾರನ ಕತೆ ಹೇಳಿದೆ. ಮಣ್ಣಿನ ಮೂರ್ತಿಯಾಗಿ ಬುಟ್ಟಿಯಲ್ಲಿ ಬೇವಿನ ತಪ್ಪಲಿನ ನಡುವೆ, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು, ಹೆಣ್ಣುಮಕ್ಕಳ ತಲೆಯ ಮೇಲೆ ಕೂತು ಮನೆ ಮನೆಗೆ ಬರುತ್ತಾನೆ ಅಂದೆ. ಏಳೇ ದಿನದ ಆಯುಷ್ಯ, ಹುಣ್ಣಿಮೆಯ ರಾತ್ರಿ ಅಗಸರ ಬಂಡೆಯ ಹತ್ತಿರ ಸಾಯುತ್ತಾನೆ ಅಂದೆ. ಅವನಿಗಾಗಿ ಅಗಸರು ಮೂರು ದಿನ ಬಟ್ಟೆ ಒಗೆಯುವುದಿಲ್ಲ ಅಂದಾಗ ಆ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ನಮ್ಮವಳದ್ದೂ ಮೂರು ದಿನ" ಅಂದರು.

ಚಳಿಗಾಲ ಬರುವ ಮೊದಲು ಕಾಲ್ಯಖ್ ತನ್ನ ಹೊದಿಕೆಯನ್ನು ಸಮುದ್ರದಲ್ಲಿ ಒಗೆಯುತ್ತಾಳೆ. ಮಹಾನವಮಿಗೆ ಮುಂಚೆ ನೀನು ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ಯುತ್ತಿದ್ದೆಯಲ್ಲ, ಹಾಗೆ. ಒಗೆಯುವ ಮೊದಲು ಮೂರು ದಿನ ದಂಡೆಯ ಜನರಿಗೆ ಸಮುದ್ರದ ಮೊರೆತ ಕೇಳುತ್ತದೆ. ಒಗೆದ ಹೊದಿಕೆ ಬೆಳ್ಳಗಾಗುತ್ತದೆ. ಅದನ್ನು ಹರವಿದಾಗ ನಾಡಿನ ಮೇಲೆಲ್ಲ ಹಿಮ.

ಅವಳು ಒಗೆಯುವ ಜಾಗವನ್ನು ನಾನು ನೋಡಿ ಬಂದೆ, ಆಯಿ. ಹೋದ ತಿಂಗಳು ರಜೆಯಲ್ಲಿ ಬೋಟಿನಲ್ಲಿ ಹೋಗಿದ್ದೆ. ಜೂರಾ ಮತ್ತು ಸ್ಕಾರ್ಬಾ ಅನ್ನುವ ಎರಡು ನಡುಗಡ್ಡೆಗಳ ಸಂದಿಯಲ್ಲಿ ಕಾರಿವ್ರೆಕನ್ ಅನ್ನುವ ದೊಡ್ಡ ಸುಳಿ ಇದೆ. ಭರತ ಬಂದಾಗ ಸಮುದ್ರದ ನೀರು ಆ ಸಂದಿಯಲ್ಲಿ ನುಗ್ಗುತ್ತದೆ. ನೀರಿನಡಿಯಲ್ಲಿ ಕಂಬದ ಹಾಗೆ ಎದ್ದ ಬಂಡೆಗೆ ಬಡಿದು ಮೇಲಕ್ಕೆ ಉಕ್ಕುತ್ತದೆ, ತಿರುಗುತ್ತದೆ. ಅಲೆಗಳು 9 ಮೀಟರ್‌ವರೆಗೂ ಏಳುತ್ತವಂತೆ. ನಾನು ಹೋದ ದಿನ ಅಷ್ಟಿರಲಿಲ್ಲ. ಆದರೂ ಸದ್ದಿಗೆ ಎದೆ ಝಲ್ಲೆಂದಿತು. ಆಲಮಟ್ಟಿಯ 26 ಗೇಟುಗಳನ್ನೂ ಒಮ್ಮೆಗೇ ತೆಗೆದಾಗ ಅಪ್ಪ ನಮ್ಮನ್ನು ತೋರಿಸಲು ಕರೆದೊಯ್ದಿದ್ದರಲ್ಲ, ಆ ಸದ್ದು ನೆನಪಾಯಿತು. ಆ ನೀರು ನೋಡಿದ ಮೇಲೆ, ಇದರಲ್ಲಿ ಯಾರೋ ಕೂತು ಹೊದಿಕೆ ಒಗೆಯುತ್ತಿದ್ದಾರೆ ಅಂದರೆ ನಂಬಬೇಕು ಅನ್ನಿಸುತ್ತದೆ.

ಇನ್ನೊಂದು ಕತೆ ಕೇಳಿದರೆ ನಿನಗೆ ಹೊಟ್ಟೆ ಉರಿಯುತ್ತದೆ. ರೈಲಿನಲ್ಲಿ ಓಬನ್‌ಗೆ ಬರುವಾಗ ಬೆನ್ ಕ್ರೂಕನ್ ಅನ್ನುವ ಬೆಟ್ಟ ಸಿಗುತ್ತದೆ. ಅದರ ಮೇಲಿನ ಬಾವಿಯನ್ನು ಕಾಯುವ ಕೆಲಸ ಕಾಲ್ಯಖಳದ್ದು. ಸಂಜೆ ಚಪ್ಪಡಿ ಮುಚ್ಚಬೇಕು, ಬೆಳಗ್ಗೆ ತೆಗೆಯಬೇಕು. ಒಂದು ದಿನ ದಣಿದು ಮುಚ್ಚದೆ ಮಲಗಿಬಿಟ್ಟಳು. ರಾತ್ರಿಯೆಲ್ಲ ನೀರು ಉಕ್ಕಿ ಕಣಿವೆ ಮುಳುಗಿತು. ಜನ, ದನ ಎಲ್ಲ ಹೋದವು. ಈಗ ಅಲ್ಲಿ ಲಾಕ್ ಆ ಅನ್ನುವ ಕೆರೆ, ಉದ್ದ 41 ಕಿಲೋಮೀಟರ್. ಕೊಡ ಹಿಡಿದು ಟ್ಯಾಂಕರ್‌ಗಾಗಿ ಸಾಲಿನಲ್ಲಿ ನಿಂತ ನಮಗೆ ಇಂಥ ತಪ್ಪನ್ನು ಯೋಚಿಸುವುದಕ್ಕೂ ಆಗುವುದಿಲ್ಲ, ಅಲ್ವಾ?

ಒಂದು ಮಾತು ಮಾತ್ರ ನನಗೆ ಸೇರಲಿಲ್ಲ. ಹಿಂದೆ ಸುಗ್ಗಿ ಮೊದಲು ಮುಗಿಸಿದ ರೈತ ಕೊನೆಯ ಸಿವುಡಿನಿಂದ ಕಾಲ್ಯಖಳ ಗೊಂಬೆ ಮಾಡುತ್ತಿದ್ದ. ಅದನ್ನು ಇನ್ನೂ ಕೊಯ್ಲು ಮುಗಿಸದವನ ಹೊಲಕ್ಕೆ ಎಸೆಯುತ್ತಿದ್ದ. ಅವನು ಮತ್ತೊಬ್ಬನ ಹೊಲಕ್ಕೆ. ಎಲ್ಲರಿಗಿಂತ ಹಿಂದೆ ಬಿದ್ದವನು ಚಳಿಗಾಲ ಪೂರ್ತಿ ಮುದುಕಿಯನ್ನು ಇಟ್ಟುಕೊಳ್ಳಬೇಕು. ಮುದುಕಿಗೆ ಊಟ ಹಾಕುವ ಪಾಳಿ ತನ್ನ ಪಾಲಿಗೆ ಬಾರದಿರಲಿ ಅಂತ ಎಲ್ಲರೂ ರಾತ್ರಿ ಹಗಲು ಕೊಯ್ಯುತ್ತಿದ್ದರಂತೆ. ಇದನ್ನು ಹೇಳುತ್ತಾ ಆ ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರಿಗೂ ಮೂವರು ಮಕ್ಕಳಿದ್ದಾರೆ. ನಾನು ಏನೂ ಕೇಳಲಿಲ್ಲ.

ಆಮೇಲೆ ಅವರೇ ಇನ್ನೊಂದು ಊರಿನ ಸುದ್ದಿ ಹೇಳಿದರು. ಗ್ಲೆನ್ ಲಯನ್ ಅನ್ನುವ ಕಣಿವೆ, ಇಲ್ಲಿಂದ ಪೂರ್ವಕ್ಕೆ. ಹಿಮ ಬೀಳುವ ಒಂದು ರಾತ್ರಿ ಅಲ್ಲಿಯ ಜನ ಒಬ್ಬ ಮುದುಕ ಮುದುಕಿಗೆ ಇರಲು ಜಾಗ ಕೊಟ್ಟರು. ಅವಳು ಕಾಲ್ಯಖ್. ಅವಳಿದ್ದಷ್ಟು ದಿನ ಕಣಿವೆಯಲ್ಲಿ ಹುಲ್ಲು, ದನ, ಬೆಳೆ ಎಲ್ಲ ಚೆನ್ನಾಗಿ ಆದವು. ಇವತ್ತಿಗೂ ಅಲ್ಲೊಂದು ಪುಟ್ಟ ಕಲ್ಲಿನ ಮನೆಯಿದೆ. ಒಳಗೆ ಹೊಳೆಯಲ್ಲಿ ಸವೆದ ನುಣ್ಣನೆಯ ಕಲ್ಲುಗಳು. ಒಂದು ಮುದುಕಿ, ಒಂದು ಮುದುಕ, ಉಳಿದವು ಮಕ್ಕಳು. ಮೇ ತಿಂಗಳು ಬಂದರೆ ಅವರನ್ನು ಹೊರಗೆ ತಂದು ಬಿಸಿಲಿಗೆ ಕೂರಿಸುತ್ತಾರೆ. ನವೆಂಬರ್ ಬಂದರೆ ಒಳಗೆ ಬಿಟ್ಟು, ಚಳಿ ನುಗ್ಗದಂತೆ ಸಂದಿಗೆ ಪಾಚಿ ತುಂಬುತ್ತಾರೆ.

ಆಯಿ, ಎಳ್ಳ ಅಮಾವಾಸ್ಯೆಗೆ ಬನ್ನಿ ಗಿಡದ ಕೆಳಗೆ ನೀನು ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪಾಂಡವರು ಅನ್ನುತ್ತಿದ್ದೆಯಲ್ಲ. ಅವು ನೆನಪಾಗಿ ಅಲ್ಲೇ ಕಣ್ಣೀರು ಬಂತು. ಮೊದಲು ಅವರಿಗೆ ಕಡಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ. ಹೊಲದ ತುಂಬ ಚರಗ ಚೆಲ್ಲಿದ ಮೇಲೆಯೇ ನಮಗೆ ಊಟ. ಹಸಿವಾಗಿದೆ ಅಂತ ನಾನು ಅತ್ತಾಗಲೂ ನೀನು ಬಿಟ್ಟವಳಲ್ಲ. "ಭೂಮ್ತಾಯಿ ಬಸುರಿ ಅದಾಳ, ಆಕಿ ಮೊದ್ಲು ಉಣ್ಣಲಿ" ಅನ್ನುತ್ತಿದ್ದೆ. ಅಜ್ಜಿಗೆ ಇದನ್ನೂ ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡರು.

ಈ ಸಲ ನಾನು ಬರಲು ಆಗುವುದಿಲ್ಲ. ನಿನ್ನ ಮೊಣಕಾಲು ನೋವಿದ್ದರೆ ಹೊಲದವರೆಗೆ ನಡೆಯಬೇಡ, ಅಪ್ಪನ ಜೊತೆ ಗಾಡಿಯಲ್ಲಿ ಹೋಗು. ಆದರೆ ಹೋಗದೆ ಇರಬೇಡ. ಚರಗ ಚೆಲ್ಲುವಾಗ ಒಂದು ಹಿಡಿ ಆ ಮುದುಕಿಯ ಹೆಸರಿನಲ್ಲೂ ಚೆಲ್ಲು. ಹೆಸರು ಬಾಯಿಗೆ ಬಾರದಿದ್ದರೆ ಸೆರಗು ಹೊದ್ದಾಕಿ ಅನ್ನು, ಸಾಕು.

ಇನ್ನು ಮೂರು ತಿಂಗಳು ಬಿಟ್ಟು ಫೆಬ್ರವರಿ 1 ಬರುತ್ತದೆ. ಅವತ್ತು ಬಿಸಿಲು ಬಿದ್ದರೆ ಕಾಲ್ಯಖ್ ಎದ್ದು ಒಲೆಗೆ ಕಟ್ಟಿಗೆ ಆರಿಸಲು ಹೊರಟಿದ್ದಾಳೆ, ಚಳಿ ಇನ್ನೂ ಇದೆ ಅಂತ. ಮೋಡ ಕವಿದಿದ್ದರೆ ಅವಳು ಮಲಗಿದ್ದಾಳೆ, ಚಳಿ ಬೇಗ ಮುಗಿಯುತ್ತದೆ ಅಂತ. ಬೆಳಗ್ಗೆ ನಾನೂ ಆ ಅಜ್ಜಿಯೂ ಕಿಟಕಿಯಲ್ಲಿ ಕೂತು ನೋಡುತ್ತೇವೆ. ನೋಡಿದ ತಕ್ಷಣ ನಿನಗೆ ಫೋನ್ ಮಾಡುತ್ತೇನೆ.

ತಂಗಿ, ಹಿಂಗಾರಿ ಜೋಳ ಎಷ್ಟು ಎತ್ತರ ಬಂದಿದೆ ಅಂತ ಬರೆ. ಡೋಣಿ ಹೊಳೆಯಲ್ಲಿ ನೀರಿದೆಯಾ ಅದನ್ನೂ ಬರೆ.

ನಿನ್ನ ಮೊಮ್ಮಗಳು