ಮೈಲೇಜ್ ಮ್ಯಾಗ್ನೆಟ್‌ಗೆ ದುಡ್ಡು ಸುರೀಬೇಡಿ

ಸಂಪಾದಕರೇ,

ನಮ್ಮ ಕುಂಬಳೆ, ಉಪ್ಪಳ ಕಡೆ ಕಾರಿನವರು ಸಿಕ್ಕಿದ್ರೆ ಮೈಲೇಜ್ ಏರಿಸ್ತದೆ ಅಂತ ಮಾರೋ, ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಇಂಜಿನ್ ಚೆಕ್ ಮಾಡೋ ಸಾಕೆಟ್ಟಿಗೆ) ಸಿಕ್ಕಿಸುವ ಲೈಟ್ ಮಿನುಗೋ ಡಬ್ಬಿ ಇದೇ ಮಾತು, ದಯವಿಟ್ಟು ಯಾರೂ ತಗೊಳ್ಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ 100ಕ್ಕೂ ಹೆಚ್ಚು ಸಾಮಾನು ಪರಿಶೀಲಿಸಿ ಇಲ್ಲವೇ ಟೆಸ್ಟ್ ಮಾಡಿ ನೋಡಿದೆ, ಮೈಲೇಜ್ ಹೇಳಿಕೊಳ್ಳುವಷ್ಟು ಏರಿಸಿದ್ದು ಒಂದೂ ಸಿಗ್ಲಿಲ್ಲ. ಈಗಿನ ಇಂಜಿನ್ ಪೆಟ್ರೋಲನ್ನ ಹೆಚ್ಚುಕಮ್ಮಿ ಪೂರ್ತಿ ಉರಿಸ್ತದೆ, ನಷ್ಟ ಆಗೋದು ಮುಖ್ಯವಾಗಿ ಬಿಸಿಯಾಗಿ, ಅದನ್ನ ಮ್ಯಾಗ್ನೆಟ್ ಹೇಗೆ ತಡೀತದೆ ಹೇಳಿ? ಉಳಿತಾಯ ಇರೋದು ಆಕ್ಸಿಲರೇಟರ್ ಒತ್ತೋ ಕಾಲಲ್ಲಿ. ಹೈವೇ 66 ಅಗಲ ಆಯ್ತು ಅಂತ 110ರಲ್ಲಿ ಬಿಡ್ಬೇಡಿ, ವೇಗ ಡಬಲ್ ಆದ್ರೆ ಗಾಳಿಯ ತಡೆ ನಾಲ್ಕು ಪಟ್ಟು ಆಗ್ತದೆ, 80ರಲ್ಲಿ ಹೋದ್ರೆ ಸಾಕು. ಟಯರಿಗೆ ಡೋರಿನ ಸ್ಟಿಕ್ಕರಲ್ಲಿರೋ ಪ್ರೆಷರ್ ಹಾಕ್ಸಿ, ಕಾರಿನ ಮೇಲಿನ ಖಾಲಿ ಕ್ಯಾರಿಯರ್ ಬಿಚ್ಚಿಡಿ, ರೈಲ್ವೇ ಗೇಟಲ್ಲಿ ಇಂಜಿನ್ ಆಫ್ ಮಾಡಿ.

– ಓದುಗ, ಬದಿಯಡ್ಕ